ಕೋಳಿಮೊಟ್ಟೆಯ ಒಲೆಯಿಂದ ಗೋಡೆಯ ಥರ್ಮೋಸ್ಟಾಟಿನವರೆಗೆ

ಹಳ್ಳಿಮನೆಯ ಬಚ್ಚಲಿನಲ್ಲಿ ಹಂಡೆಯ ಒಲೆಗೆ ಉರಿ ಹಾಕಿ ಗೊತ್ತಿದ್ದವರಿಗೆ ಒಂದು ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಂಕಿ ಹೊತ್ತಿಸುವುದು ಸುಲಭ. ಅದನ್ನು ಬೇಕಾದಷ್ಟೇ ಉರಿಯುವಂತೆ ಇಟ್ಟುಕೊಳ್ಳುವುದು ಕಷ್ಟ. ನೀರು ಕಾಯಿತೆಂದರೆ ಸೌದೆಯನ್ನು ಹಿಂದಕ್ಕೆ ಎಳೆಯಬೇಕು, ಆರುತ್ತ ಬಂತೆಂದರೆ ಮುಂದಕ್ಕೆ ನೂಕಬೇಕು. ಮನೆಯಲ್ಲಿ ಯಾರಾದರೊಬ್ಬರು ಒಲೆಯ ಕಡೆಗೆ ಒಂದು ಕಣ್ಣಿಟ್ಟಿರಲೇಬೇಕು. ಆ ಒಬ್ಬರ ಕೆಲಸವನ್ನು ಯಂತ್ರಕ್ಕೆ ವಹಿಸಿಕೊಡಲು ಮನುಷ್ಯ ಪಟ್ಟ ನಾನೂರು ವರ್ಷಗಳ ಶ್ರಮವೇ ಥರ್ಮೋಸ್ಟಾಟಿನ ಇತಿಹಾಸ.

ಥರ್ಮೋಸ್ಟಾಟ್ ಎಂಬ ಹೆಸರು ಕಂಡೊಡನೆ ಇದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ವಾಚಕರು ಪುಟ ಮಗುಚಬಾರದು. ನಮ್ಮೆಲ್ಲರ ಮನೆಯ ಇಸ್ತ್ರಿ ಪೆಟ್ಟಿಗೆಯಲ್ಲಿ, ಗೀಸರಿನಲ್ಲಿ, ರೆಫ್ರಿಜರೇಟರಿನಲ್ಲಿ ಅದು ಸದ್ದಿಲ್ಲದೆ ಕುಳಿತಿದೆ. ಅಲ್ಲದೆ ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮುಂದಿನ ತಲೆಮಾರಿನ ಅನೇಕರು ಇಂದು ಟೊರಾಂಟೊ, ಷಿಕಾಗೊ, ಮಿನಿಯಾಪೊಲಿಸ್‌ನಂಥ ಹಿಮದ ಊರುಗಳಲ್ಲಿದ್ದಾರೆ. ಅಲ್ಲಿ ಚಳಿಗಾಲದಲ್ಲಿ ಮನೆಯ ಕಾವು ನಿಂತರೆ ಕೆಲವೇ ಗಂಟೆಗಳಲ್ಲಿ ಕೋಣೆ ಕೊರೆಯತೊಡಗುತ್ತದೆ. ಇನ್ನೂ ತಡವಾದರೆ ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ಕೊಳವೆಯೇ ಸೀಳುತ್ತದೆ. ಮಗನ ಮನೆಗೋ, ಮಗಳ ಬಾಣಂತನಕ್ಕೋ ಹೋದ ತಂದೆತಾಯಿಗಳು ಹಗಲೆಲ್ಲ ಮನೆಯಲ್ಲಿ ತಾವಿಬ್ಬರೇ ಇರುವಾಗ ಗೋಡೆಯ ಮೇಲಿನ ಆ ಪುಟ್ಟ ಯಂತ್ರ ಮೌನ ತಾಳಿದರೆ ಏನು ಮಾಡಬೇಕೆಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಅದು ಹೇಗೆ ಹುಟ್ಟಿತೆಂದು ತಿಳಿದರೆ ಏಕೆ ಕೆಡುತ್ತದೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆಂದು ನಾವು ನಂಬುತ್ತೇವೆ.

ಕಥೆ ಮನುಷ್ಯರ ಮನೆಯಿಂದಲ್ಲ, ಕೋಳಿಮೊಟ್ಟೆಯಿಂದ ಆರಂಭವಾಗುತ್ತದೆ. ಕಾರ್ನೆಲಿಸ್ ಡ್ರೆಬೆಲ್ ಎಂಬಾತ 1572ರಲ್ಲಿ ಹಾಲೆಂಡಿನ ಆಲ್ಕ್‌ಮಾರ್ ಪಟ್ಟಣದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ ಒಂದನೆಯ ಜೇಮ್ಸ್ ದೊರೆಯ ಆಶ್ರಯ ಪಡೆದವನು. ಥೇಮ್ಸ್ ನದಿಯಲ್ಲಿ ನೀರಿನೊಳಗೆ ಚಲಿಸುವ ದೋಣಿಯನ್ನು ನಡೆಸಿ ತೋರಿಸಿದವನೂ ಇವನೇ. ಮೊಟ್ಟೆಗಳಿಗೆ ಕೋಳಿಯಿಲ್ಲದೆ ಕಾವು ಕೊಡುವ ಒಂದು ಒಲೆಯನ್ನು ಇವನು ರಚಿಸಿದ. ಮೊಟ್ಟೆಯ ಪೆಟ್ಟಿಗೆಯ ಸುತ್ತ ನೀರು, ಕೆಳಗೆ ಬೆಂಕಿ. ಆ ನೀರಿನಲ್ಲಿ ಮದ್ಯಸಾರ ತುಂಬಿದ ಒಂದು ಗಾಜಿನ ಪಾತ್ರೆ. ಅದಕ್ಕೆ ಹೊಂದಿಕೊಂಡಂತೆ ಪಾದರಸದ ಕೊಳವೆ. ಶಾಖ ಹೆಚ್ಚಾದಾಗ ಮದ್ಯಸಾರ ಹಿಗ್ಗಿ ಪಾದರಸವನ್ನು ಮೇಲಕ್ಕೆ ನೂಕುವುದು. ಪಾದರಸದ ಮೇಲೆ ತೇಲುವ ಕಡ್ಡಿ ಮೇಲೆದ್ದು ಹೊಗೆಕಿಂಡಿಯನ್ನು ಮುಚ್ಚುವುದು. ಗಾಳಿಯ ಸೆಳೆತ ತಗ್ಗಿ ಬೆಂಕಿ ಕುಗ್ಗುವುದು. ಆರುತ್ತ ಬಂದಾಗ ಎಲ್ಲವೂ ತಿರುಗುಮುರುಗು. ಸೌದೆಯನ್ನು ಹಿಂದಕ್ಕೆ ಎಳೆಯುವ ಕೈಯ ಕೆಲಸವನ್ನು ಒಂದು ಹನಿ ದ್ರವ ಮಾಡಿತು.

ಇಲ್ಲಿ ಅಡಗಿರುವ ತತ್ವವನ್ನು ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಇದು ಅನುಪಾಲನಾ ವರದಿಯ ತತ್ವ. ಮೇಲಿನಿಂದ ಆಜ್ಞೆ ಹೋದರೆ ಸಾಲದು; ಆಜ್ಞೆಯ ಫಲವೇನಾಯಿತೆಂಬ ವರದಿ ಹಿಂದಿರುಗಿ ಬರಬೇಕು, ಅದನ್ನು ನೋಡಿ ಮುಂದಿನ ಆಜ್ಞೆ ಹೊರಡಬೇಕು. ಬೆಂಕಿ ಶಾಖವನ್ನು ಹುಟ್ಟಿಸುತ್ತದೆ, ಶಾಖವೇ ಬೆಂಕಿಗೆ ಕಡಿವಾಣ ಹಾಕುತ್ತದೆ. ಮುಂದೆ ಜೇಮ್ಸ್ ವಾಟ್ ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡಲು ಬಳಸಿದ ತಿರುಗುವ ಗುಂಡುಗಳ ಸಾಧನದಲ್ಲೂ ಇದೇ ತತ್ವವಿದೆ. ಇಂಥ ಸಾಧನಗಳ ಗಣಿತವನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಒಂದು ಪ್ರಬಂಧವಾಗಿ ಪ್ರಕಟಿಸಿದ.

ಗಾಜು, ಪಾದರಸಗಳ ವ್ಯವಸ್ಥೆ ನಾಜೂಕಿನದು. ಗಟ್ಟಿಮುಟ್ಟಾದ ದಾರಿಯನ್ನು ತೋರಿಸಿದ್ದು ಗಡಿಯಾರದ ಕಸುಬು. ಸಮುದ್ರದ ಮೇಲೆ ಸರಿಯಾದ ವೇಳೆ ತೋರುವ ಗಡಿಯಾರಕ್ಕಾಗಿ ಬಾಳನ್ನೇ ಸವೆಸಿದ ಇಂಗ್ಲೆಂಡಿನ ಜಾನ್ ಹ್ಯಾರಿಸನ್, ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ತನ್ನ ಮೂರನೆಯ ಗಡಿಯಾರಕ್ಕೆ ಹಿತ್ತಾಳೆ ಮತ್ತು ಉಕ್ಕಿನ ಎರಡು ಪಟ್ಟಿಗಳನ್ನು ಬೆಸೆದು ಒಂದಾಗಿಸಿದ ಪಟ್ಟಿಯನ್ನು ಅಳವಡಿಸಿದ. ಬಿಸಿಯಾದಾಗ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಉದ್ದವಾಗುತ್ತದೆ. ಎರಡೂ ಒಟ್ಟಿಗೆ ಬೆಸೆದುಕೊಂಡಿರುವುದರಿಂದ ಪಟ್ಟಿ ಉಕ್ಕಿನ ಕಡೆಗೆ ಬಾಗುತ್ತದೆ. ಬಿ.ಎಸ್ಸಿ. ತರಗತಿಯ ಪ್ರಯೋಗಶಾಲೆಯಲ್ಲಿ ದೀಪದ ಮೇಲೆ ಹಿಡಿದ ಪಟ್ಟಿ ಬಿಲ್ಲಿನಂತೆ ಬಾಗುವುದನ್ನು ನಾವೆಲ್ಲ ನೋಡಿದವರೇ. ನಮ್ಮ ಇಸ್ತ್ರಿ ಪೆಟ್ಟಿಗೆಯಲ್ಲಿ ಟಕ್ಕೆಂದು ಸದ್ದು ಮಾಡಿ ದೀಪ ಆರಿಸುವುದು ಈ ಪಟ್ಟಿಯ ವಂಶದ್ದೇ.

ಅದೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಬೊನ್ನ್‌ಮೆಂ ಎಂಬಾತ ಲೋಹದ ಹಿಗ್ಗುವಿಕೆಯಿಂದಲೇ ನಡೆಯುವ ನಿಯಂತ್ರಕವನ್ನು ಬಿಸಿನೀರಿನ ಕೊಳವೆಗಳ ವ್ಯವಸ್ಥೆಗೆ ಜೋಡಿಸಿದ. ಅವನ ಉದ್ದೇಶವೂ ಕೋಳಿಮರಿ ಮಾಡಿಸುವುದೇ! ಬೆಚ್ಚಗಿನ ನೀರು ಕೊಳವೆಗಳಲ್ಲಿ ಹರಿದು ಮನೆಯನ್ನು ಕಾಯಿಸುವ ಪದ್ಧತಿಯ ಇತಿಹಾಸದಲ್ಲಿ ಮನುಷ್ಯನಿಗಿಂತ ಮೊದಲು ಸುಖಪಟ್ಟವು ಕೋಳಿಮರಿಗಳೆಂಬುದು ಸ್ವಾರಸ್ಯದ ಸಂಗತಿ. ಈ ಯಂತ್ರಕ್ಕೆ ನಾಮಕರಣ ಮಾಡಿದವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರೂ ಯೂರ್. ಬೆಸೆದ ಪಟ್ಟಿಯ ಬಾಗುವಿಕೆಯನ್ನು ಬಳಸಿ 1830ರಲ್ಲಿ ಪೇಟೆಂಟ್ ಪಡೆದಾಗ ಅವನು ಅದನ್ನು ಥರ್ಮೋಸ್ಟಾಟ್ ಎಂದು ಕರೆದ. ಗ್ರೀಕ್ ಭಾಷೆಯ ಎರಡು ಮಾತುಗಳಿಂದ ಕಟ್ಟಿದ ಈ ಪದಕ್ಕೆ ಶಾಖವನ್ನು ನಿಲ್ಲಿಸಿ ಹಿಡಿಯುವುದು ಎಂದು ಅರ್ಥ.

ಆದರೂ ಇದು ಸಂಸಾರಸ್ಥರ ಮನೆಯೊಳಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಅಮೆರಿಕದ ಉತ್ತರ ಭಾಗದ ಕಟ್ಟಡಗಳಲ್ಲಿ ನೆಲಮಾಳಿಗೆಯಲ್ಲಿ ಕಲ್ಲಿದ್ದಲ ಕುಲುಮೆ ಇರುತ್ತಿತ್ತು. ಚಳಿ ತಿಳಿಯುವುದು ಮೇಲಿನ ಕೋಣೆಯಲ್ಲಿ, ಬೆಂಕಿ ಇರುವುದು ಕೆಳಗೆ. ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕ ತರಬೇತಿ ಕಾಲೇಜಿನಲ್ಲಿ ವಾರೆನ್ ಜಾನ್ಸನ್ ಎಂಬ ಪ್ರಾಧ್ಯಾಪಕರಿದ್ದರು. ಜವಾನ ಪಾಠದ ನಡುವೆ ಕೋಣೆಕೋಣೆಗೂ ಬಂದು, ಚಳಿಯಿದೆಯೇ ಸೆಕೆಯಿದೆಯೇ ಎಂದು ನೋಡಿ, ಮತ್ತೆ ನೆಲಮಾಳಿಗೆಗೆ ಇಳಿದು ಕುಲುಮೆಯ ಗಾಳಿಕಿಂಡಿಯನ್ನು ಸರಿಪಡಿಸಬೇಕಾಗಿತ್ತು. ಇದರಿಂದ ಬೇಸತ್ತ ಜಾನ್ಸನ್, ಕೋಣೆಯ ಶಾಖವನ್ನು ವಿದ್ಯುತ್ತಿನ ಮೂಲಕ ಕೆಳಗೆ ತಿಳಿಸುವ ಸಾಧನವೊಂದನ್ನು ರಚಿಸಿ 1883ರಲ್ಲಿ ಪೇಟೆಂಟ್ ಪಡೆದರು. ಅದು ಬೆಂಕಿಯನ್ನು ತಾನಾಗಿ ಆಳುತ್ತಿರಲಿಲ್ಲ. ಕೆಳಗಿದ್ದವನಿಗೆ ಸೂಚನೆ ಕೊಡುತ್ತಿತ್ತು, ಅಷ್ಟೇ. 1885ರಲ್ಲಿ ಮಿಲ್ವಾಕಿಯಲ್ಲಿ ಅವರು ಆರಂಭಿಸಿದ ಸಂಸ್ಥೆಯೇ ಮುಂದೆ ಜಾನ್ಸನ್ ಕಂಟ್ರೋಲ್ಸ್ ಎಂಬ ದೊಡ್ಡ ಕಂಪನಿಯಾಯಿತು.

ಜವಾನನ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದವನು ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದ ಆಲ್ಬರ್ಟ್ ಬುಟ್ಸ್. ಮಿನಿಯಾಪೊಲಿಸ್‌ನಲ್ಲಿ ಅವನು 1885ರಲ್ಲಿ ರೂಪಿಸಿದ ಸಾಧನಕ್ಕೆ ಡ್ಯಾಂಪರ್ ಫ್ಲ್ಯಾಪರ್ ಎಂಬ ಅಡ್ಡಹೆಸರು. ಕೋಣೆ ತಣ್ಣಗಾದಾಗ ಥರ್ಮೋಸ್ಟಾಟಿನಲ್ಲಿ ವಿದ್ಯುತ್ ಮಂಡಲ ಕೂಡುವುದು. ಕೆಳಗಿನ ಮೋಟಾರು ಅರ್ಧ ಸುತ್ತು ತಿರುಗಿ ಸರಪಳಿಯಿಂದ ಕುಲುಮೆಯ ಗಾಳಿಕಿಂಡಿಯನ್ನು ಎತ್ತುವುದು. ಗಾಳಿ ನುಗ್ಗಿ ಕಲ್ಲಿದ್ದಲು ಕೆಂಡವಾಗುವುದು. ಬೇಕಾದ ಶಾಖ ಬಂದಾಗ ಮೋಟಾರು ಇನ್ನರ್ಧ ಸುತ್ತು ತಿರುಗಿ ಕಿಂಡಿಯನ್ನು ಮುಚ್ಚುವುದು. ಬುಟ್ಸ್‌ನ ಕಂಪನಿ ಹಲವರ ಕೈ ಬದಲಾಯಿಸಿತು. ಇಂಡಿಯಾನ ರಾಜ್ಯದಲ್ಲಿ ಮಾರ್ಕ್ ಹನಿವೆಲ್ ಎಂಬಾತ 1906ರಲ್ಲಿ ಬಿಸಿನೀರಿನ ವ್ಯವಸ್ಥೆಗಳಿಗಾಗಿ ಆರಂಭಿಸಿದ್ದ ಕಂಪನಿಯೊಡನೆ ಅದು 1927ರಲ್ಲಿ ಒಂದಾಯಿತು. ಆ ಹನಿವೆಲ್ ಎಂಬ ಹೆಸರು ಇಂದಿಗೂ ಗೋಡೆಗಳ ಮೇಲಿದೆ.

ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಗಡಿಯಾರ ಜೋಡಿಸಿದ ಥರ್ಮೋಸ್ಟಾಟುಗಳು ಬಂದವು. ರಾತ್ರಿ ಶಾಖ ತಗ್ಗಿಸಿ ಬೆಳಿಗ್ಗೆ ಮನೆಯವರು ಏಳುವ ಮೊದಲು ಏರಿಸುವುದು ಅವುಗಳ ಕೆಲಸ. ಕ್ರಮೇಣ ಕಲ್ಲಿದ್ದಲು ಹೋಗಿ ಎಣ್ಣೆ, ಅನಿಲಗಳು ಬಂದವು. 1953ರಲ್ಲಿ ಹನಿವೆಲ್ ಕಂಪನಿ ವಿನ್ಯಾಸಕಾರ ಹೆನ್ರಿ ಡ್ರೈಫಸ್ ರೂಪಿಸಿದ ದುಂಡು ಥರ್ಮೋಸ್ಟಾಟನ್ನು ಮಾರುಕಟ್ಟೆಗೆ ತಂದಿತು. ಒಳಗೆ ಸುರುಳಿ ಸುತ್ತಿದ ಜೋಡಿ ಲೋಹದ ಪಟ್ಟಿ. ಅದರ ತುದಿಯಲ್ಲಿ ಪಾದರಸದ ಗುಳಿಗೆಯಿರುವ ಪುಟ್ಟ ಗಾಜಿನ ಬುರುಡೆ. ಸುರುಳಿ ತಿರುಗಿದಂತೆ ಬುರುಡೆ ವಾಲುವುದು, ಪಾದರಸ ಉರುಳಿ ಎರಡು ತಂತಿಗಳನ್ನು ಕೂಡಿಸುವುದು. ಚೌಕದ ಪೆಟ್ಟಿಗೆಯನ್ನು ಸೊಟ್ಟಗೆ ತೂಗುಹಾಕಿದರೆ ಕಣ್ಣಿಗೆ ಕಾಣುತ್ತದೆ, ದುಂಡಗಿನದು ಎಂದೂ ಸೊಟ್ಟ ಕಾಣುವುದಿಲ್ಲ. ಆದರೆ ಒಳಗಿನ ಬುರುಡೆ ಮಾತ್ರ ಸಮಮಟ್ಟದಲ್ಲಿರಲೇಬೇಕು. ಹೊರಗೆ ಕಾಣದ ಸೊಟ್ಟು ಕೋಣೆಯ ಶಾಖದಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಈ ಯಂತ್ರದಲ್ಲಿ ಇನ್ನೊಂದು ಜಾಣತನವಿತ್ತು. ಕುಲುಮೆ ನಿಂತ ಮೇಲೂ ಅದರ ಕಬ್ಬಿಣದಲ್ಲಿ ಉಳಿದ ಬಿಸಿ ಕೋಣೆಗೆ ಬರುತ್ತಲೇ ಇರುತ್ತದೆ. ಆದ್ದರಿಂದ ಬೇಕಾದ ಶಾಖ ಬಂದ ಮೇಲೆ ನಿಲ್ಲಿಸಿದರೆ ಕೋಣೆ ಅಗತ್ಯಕ್ಕಿಂತ ಹೆಚ್ಚು ಕಾಯುತ್ತದೆ. ಅದಕ್ಕಾಗಿ ಥರ್ಮೋಸ್ಟಾಟಿನೊಳಗೇ ಕೂದಲೆಳೆಯಂಥ ಒಂದು ತಂತಿಯನ್ನಿಟ್ಟು ಪಟ್ಟಿಯನ್ನು ತುಸು ಬೆಚ್ಚಗೆ ಮಾಡುತ್ತಿದ್ದರು. ಅದು ಸ್ವಲ್ಪ ಮೊದಲೇ ಮೋಸಹೋಗಿ ಕುಲುಮೆಯನ್ನು ನಿಲ್ಲಿಸುತ್ತಿತ್ತು. ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸುವ ಗೃಹಿಣಿಯ ವಿವೇಕವಿದು. ಎಲ್ಲಕ್ಕಿಂತ ಮುಖ್ಯವಾಗಿ, ಈ ದುಂಡು ಯಂತ್ರಕ್ಕೆ ತನ್ನದೇ ಆದ ವಿದ್ಯುತ್ತು ಬೇಕಿರಲಿಲ್ಲ. ಕುಲುಮೆಯ ಬಳಿಯ ಟ್ರಾನ್ಸ್‌ಫಾರ್ಮರು ಕೊಡುವ 24 ವೋಲ್ಟಿನ ದಾರಿಯನ್ನು ಕೂಡಿಸುವುದು, ಬಿಡಿಸುವುದು, ಇಷ್ಟೇ ಅದರ ಕೆಲಸ. ಅದಕ್ಕೆ ಎರಡೇ ತಂತಿ ಸಾಕಾಗಿತ್ತು. ಈ ಎರಡು ತಂತಿಗಳ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಇಂದಿನ ತೊಂದರೆಗಳ ಬೇರು ಅಲ್ಲಿದೆ.

1973ರ ತೈಲ ಸಂಕಟ ಥರ್ಮೋಸ್ಟಾಟನ್ನು ರಾಜಕಾರಣಕ್ಕೆ ತಂದಿತು. ಮನೆಯ ಶಾಖವನ್ನು ಕನಿಷ್ಠ 6 ಡಿಗ್ರಿ ಫ್ಯಾರನ್‌ಹೀಟ್ ತಗ್ಗಿಸಿರೆಂದು ಅಧ್ಯಕ್ಷ ನಿಕ್ಸನ್ ಆ ವರ್ಷದ ನವೆಂಬರಿನಲ್ಲಿ ಅಮೆರಿಕನ್ನರನ್ನು ಕೇಳಿಕೊಂಡರು. 1977ರ ಫೆಬ್ರವರಿ 2ರಂದು ಅಧ್ಯಕ್ಷ ಕಾರ್ಟರ್ ಉಣ್ಣೆಯ ಅಂಗಿ ತೊಟ್ಟು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಹಗಲು 65 ಡಿಗ್ರಿ, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್ ಇಟ್ಟುಕೊಳ್ಳಿರೆಂದರು. ನಮ್ಮ ಲೆಕ್ಕದಲ್ಲಿ ಅದು ಸುಮಾರು 18 ಮತ್ತು 13 ಡಿಗ್ರಿ ಸೆಲ್ಸಿಯಸ್. ಮುಂದೆ ವಾರದ ದಿನಗಳಿಗೆ, ದಿನದ ಹೊತ್ತುಗಳಿಗೆ ಬೇರೆಬೇರೆ ಶಾಖವನ್ನು ಗೊತ್ತುಮಾಡಬಹುದಾದ ಎಲೆಕ್ಟ್ರಾನಿಕ್ ಯಂತ್ರಗಳು ಬಂದವು. ಆದರೆ ಆ ಗುಂಡಿಗಳನ್ನೊತ್ತಿ ವೇಳಾಪಟ್ಟಿ ತುಂಬಿಸುವ ತಾಳ್ಮೆ ಬಹಳ ಮನೆಗಳಲ್ಲಿರಲಿಲ್ಲ. ಉಳಿತಾಯ ನಿರೀಕ್ಷಿಸಿದಷ್ಟು ಕಾಣದೆ ಅಮೆರಿಕ ಸರಕಾರದ ಎನರ್ಜಿ ಸ್ಟಾರ್ ಯೋಜನೆ ಇಂಥ ಥರ್ಮೋಸ್ಟಾಟುಗಳಿಗೆ ಕೊಡುತ್ತಿದ್ದ ಮುದ್ರೆಯನ್ನು 2009ರ ಕೊನೆಗೆ ನಿಲ್ಲಿಸಿತು.

ಮನುಷ್ಯ ವೇಳಾಪಟ್ಟಿ ತುಂಬದಿದ್ದರೆ ಯಂತ್ರವೇ ಅದನ್ನು ಕಲಿತುಕೊಳ್ಳಲಿ ಎಂಬ ಯೋಚನೆಯಿಂದ ಹುಟ್ಟಿದ್ದು ಸ್ಮಾರ್ಟ್ ಥರ್ಮೋಸ್ಟಾಟ್. ಟೊರಾಂಟೊ ನಗರದಲ್ಲಿ 2007ರಲ್ಲಿ ಇಕೋಬಿ ಕಂಪನಿ ಆರಂಭವಾಯಿತು. ಆಪಲ್ ಕಂಪನಿಯಲ್ಲಿ ಐಪಾಡ್ ತಯಾರಿಕೆಯಲ್ಲಿ ದುಡಿದಿದ್ದ ಟೋನಿ ಫಾಡೆಲ್ ಮತ್ತು ಮ್ಯಾಟ್ ರಾಜರ್ಸ್ ಸ್ಥಾಪಿಸಿದ ನೆಸ್ಟ್ ಕಂಪನಿಯ ದುಂಡು ಯಂತ್ರ 2011ರಲ್ಲಿ ಹೊರಬಂತು. ಗೂಗಲ್ 2014ರಲ್ಲಿ ಆ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡಿತು. ಯಾರು ಯಾವಾಗ ಏಳುತ್ತಾರೆ, ಯಾವಾಗ ಹೊರಗೆ ಹೋಗುತ್ತಾರೆ ಎಂಬುದನ್ನು ಗಮನಿಸಿ ನಡೆದುಕೊಳ್ಳುವುದು, ಸಾವಿರ ಮೈಲಿ ದೂರದಿಂದ ಫೋನಿನ ಮೂಲಕ ಹೇಳಿದರೂ ಕೇಳುವುದು ಇವುಗಳ ಗುಣ.

ಆದರೆ ಬುದ್ಧಿವಂತನಿಗೆ ಊಟವೂ ಹೆಚ್ಚು ಬೇಕು. ಪರದೆ ಬೆಳಗಲು, ವೈಫೈ ನಡೆಸಲು ಈ ಯಂತ್ರಕ್ಕೆ ಸದಾ ವಿದ್ಯುತ್ತು ಬೇಕು. ಹಳೆಯ ಮನೆಗಳ ಗೋಡೆಯಲ್ಲಿ ಇರುವುದೋ ಪಾದರಸದ ಕಾಲದ ಎರಡೇ ತಂತಿ. ಆರ್ ಎಂಬ ಗುರುತಿನ ತಂತಿಯಿಂದ ವಿದ್ಯುತ್ತು ಬರುತ್ತದೆ; ಡಬ್ಲ್ಯು ಎಂಬುದರ ಮೂಲಕ ಕುಲುಮೆಗೆ ಕರೆ ಹೋಗುತ್ತದೆ. ಕುಲುಮೆಯನ್ನು ಹೊತ್ತಿಸದೆಯೇ ವಿದ್ಯುತ್ತು ಹಿಂದಿರುಗಲು ಸಿ ಎಂಬ ಮೂರನೆಯ ತಂತಿ ಬೇಕು. ಅದಿಲ್ಲದ ಕಡೆ ಕೆಲವು ಯಂತ್ರಗಳು ಕುಲುಮೆ ಎಚ್ಚರಗೊಳ್ಳದಷ್ಟು ಸಣ್ಣ ಪ್ರವಾಹವನ್ನು ಡಬ್ಲ್ಯು ದಾರಿಯಲ್ಲೇ ಕದ್ದು ತಮ್ಮ ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ಈ ಕಳವು ಸಾಲದೆ ಹೋದರೆ ಪರದೆ ಕಪ್ಪಾಗುತ್ತದೆ. ಅತಿಯಾದರೆ ಕುಲುಮೆಯ ರಿಲೇ ಕಟಕಟನೆ ಸದ್ದು ಮಾಡುತ್ತದೆ. ಬ್ಯಾಟರಿ ಪದೇ ಪದೇ ಬರಿದಾಗುವ ಮನೆಯಲ್ಲಿ ಮೊದಲು ಸಂಶಯಿಸಬೇಕಾದದ್ದು ಸಿ ತಂತಿಯ ಕೊರತೆಯನ್ನೇ.

ತಂತಿಯ ದೋಷ ಒಂದು ಮನೆಯದು. ತಂತ್ರಾಂಶದ ದೋಷ ಊರಿನದು. 2015ರ ಡಿಸೆಂಬರಿನಲ್ಲಿ ನೆಸ್ಟ್ ಯಂತ್ರಗಳಿಗೆ ಕಳಿಸಿದ ಹೊಸ ತಂತ್ರಾಂಶದಲ್ಲಿನ ದೋಷದಿಂದ 2016ರ ಜನವರಿಯಲ್ಲಿ ಅನೇಕ ಮನೆಗಳ ಯಂತ್ರಗಳ ಬ್ಯಾಟರಿ ಬರಿದಾಗಿ, ನಡುಚಳಿಗಾಲದಲ್ಲಿ ಮನೆಗಳು ತಣ್ಣಗಾದವು. ಇನ್ನು 2025ರ ಅಕ್ಟೋಬರ್ 25ರಂದು ಗೂಗಲ್, ನೆಸ್ಟಿನ ಮೊದಲೆರಡು ಪೀಳಿಗೆಯ ಯಂತ್ರಗಳಿಗೆ ಬೆಂಬಲ ನಿಲ್ಲಿಸಿತು. ಗೋಡೆಯ ಬಳಿ ನಿಂತು ತಿರುಗಿಸಿದರೆ ಅವು ಕೆಲಸ ಮಾಡುತ್ತವೆ. ಫೋನಿನಲ್ಲಿ ಕರೆದರೆ ಓಗೊಡುವುದಿಲ್ಲ. 1953ರ ಮಾದರಿಯ ಪಾದರಸದ ಯಂತ್ರಗಳು ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ದುಡಿದವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆಂದು ಹಳೆಯದೆಲ್ಲ ಚೆನ್ನ ಎನ್ನುವಂತಿಲ್ಲ. ಪಾದರಸ ವಿಷ, ಅದರ ಯಂತ್ರಗಳನ್ನು ಕೈಬಿಟ್ಟದ್ದು ಸರಿಯಾದ ಕೆಲಸವೇ.

ಈ ಇತಿಹಾಸದಿಂದ ಸಂಸಾರಸ್ಥರು ಕಲಿಯಬಹುದಾದದ್ದೇನು? ಕಾವು ನಿಂತಾಗ ದೋಷ ಮೂರು ಕಡೆ ಇರಬಹುದು: ಆಜ್ಞೆ ಕೊಡುವ ಥರ್ಮೋಸ್ಟಾಟಿನಲ್ಲಿ, ಆಜ್ಞೆ ಒಯ್ಯುವ ತಂತಿಯಲ್ಲಿ, ಆಜ್ಞೆ ಪಾಲಿಸುವ ಕುಲುಮೆಯಲ್ಲಿ. ಪರದೆ ಬೆಳಗುತ್ತಿದ್ದರೆ ಮೊದಲು ಅದು ಕಾಯಿಸುವ ಸ್ಥಿತಿಯಲ್ಲಿದೆಯೇ, ಗೊತ್ತುಮಾಡಿದ ಶಾಖ ಕೋಣೆಯ ಶಾಖಕ್ಕಿಂತ ಹೆಚ್ಚಿದೆಯೇ ಎಂದು ನೋಡಬೇಕು. ಮನೆಯಲ್ಲಿ ಯಾರೂ ಇಲ್ಲವೆಂದು ಯಂತ್ರ ತೀರ್ಮಾನಿಸಿ ತಾನಾಗಿ ಶಾಖ ಇಳಿಸಿರುವುದೂ ಉಂಟು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಅಜ್ಜಿ ಮಹಡಿಯ ಕೋಣೆಯಲ್ಲಿ ಸುಮ್ಮನೆ ಓದುತ್ತ ಕುಳಿತಿದ್ದರೆ ಹಜಾರದ ಗೋಡೆಯ ಯಂತ್ರಕ್ಕೆ ಅವರು ಲೆಕ್ಕಕ್ಕಿಲ್ಲ! ಹಿರಿಯರು ಬಂದಾಗ ಈ ಏರ್ಪಾಟನ್ನು ಮಕ್ಕಳು ತೆಗೆದಿಡುವುದು ಒಳ್ಳೆಯದು.

ಪರದೆ ಕಪ್ಪಾಗಿದ್ದರೆ ಬ್ಯಾಟರಿ ಬದಲಾಯಿಸಬಹುದಾದ ಯಂತ್ರದಲ್ಲಿ ಅದನ್ನು ಬದಲಾಯಿಸಬೇಕು. ಬಳಿಕ ಕುಲುಮೆಯ ಹತ್ತಿರದ ಸ್ವಿಚ್ ನೋಡಬೇಕು. ಅದು ದೀಪದ ಸ್ವಿಚ್ಚಿನಂತೆಯೇ ಕಾಣುತ್ತದೆ. ಕಂಡ ಸ್ವಿಚ್ಚನ್ನೆಲ್ಲ ಆರಿಸುವ ನಮ್ಮವರ ಮಿತವ್ಯಯದ ಅಭ್ಯಾಸಕ್ಕೆ ಬಲಿಯಾಗುವುದು ಸುಲಭ. ಕುಲುಮೆಯ ಬಾಗಿಲು ಸರಿಯಾಗಿ ಕೂರದಿದ್ದರೆ ಸುರಕ್ಷಾ ಸ್ವಿಚ್ ಅದನ್ನು ನಡೆಯಗೊಡುವುದಿಲ್ಲ. ಒಳಗಿನ ಫಲಕದ ಮೇಲೆ 3 ಅಥವಾ 5 ಆಂಪಿಯರಿನ ಸಣ್ಣ ಫ್ಯೂಸ್ ಇರುತ್ತದೆ. ತಂತಿ ಬದಲಾಯಿಸುವಾಗ ವಿದ್ಯುತ್ತು ನಿಲ್ಲಿಸದೆ ಆರ್ ಮತ್ತು ಸಿ ತಗಲಿದರೆ ಅದು ಸುಟ್ಟುಹೋಗುತ್ತದೆ. ಕುಲುಮೆ ಹೊತ್ತಿ ಕೆಲವೇ ನಿಮಿಷಗಳಲ್ಲಿ ಆರುತ್ತಿದ್ದರೆ ಥರ್ಮೋಸ್ಟಾಟನ್ನು ಬೈಯುವ ಮೊದಲು ಗಾಳಿಯ ಫಿಲ್ಟರ್ ನೋಡಬೇಕು. ಅದು ಧೂಳಿನಿಂದ ಕಟ್ಟಿದಾಗ ಕುಲುಮೆ ಅತಿಯಾಗಿ ಕಾದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಫಲಕದ ದೀಪ ಎಷ್ಟು ಸಲ ಮಿನುಗುತ್ತದೆಂದು ಎಣಿಸಿ, ಬಾಗಿಲಿನ ಒಳಬದಿಯ ಪಟ್ಟಿಯೊಡನೆ ತಾಳೆ ನೋಡಿದರೆ ಕುಲುಮೆಯೇ ತನ್ನ ರೋಗ ಹೇಳುತ್ತದೆ.

ದೋಷ ಯಾರದೆಂದು ಇತ್ಯರ್ಥ ಮಾಡಲು ಹಳೆಯ ಮೆಕ್ಯಾನಿಕರ ಒಂದು ಪರೀಕ್ಷೆಯಿದೆ. ಕುಲುಮೆಯ ವಿದ್ಯುತ್ತು ನಿಲ್ಲಿಸಿ, ಥರ್ಮೋಸ್ಟಾಟನ್ನು ಕಳಚಿ, ಆರ್ ಮತ್ತು ಡಬ್ಲ್ಯು ತಂತಿಗಳನ್ನು ಜೋಡಿಸಿ, ಮತ್ತೆ ವಿದ್ಯುತ್ತು ಕೊಡುವುದು. ಕುಲುಮೆ ಹೊತ್ತಿದರೆ ತಂತಿಯೂ ಕುಲುಮೆಯೂ ನಿರ್ದೋಷಿಗಳು, ಥರ್ಮೋಸ್ಟಾಟೇ ಅಪರಾಧಿ. ಹೊತ್ತದಿದ್ದರೆ ಹುಡುಕಾಟ ಕೆಳಗೆ ನಡೆಯಬೇಕು. ಪರೀಕ್ಷೆ ಮುಗಿದೊಡನೆ ತಂತಿ ಬಿಡಿಸುವುದನ್ನು ಮರೆಯಬಾರದು. ಆಗ ಕುಲುಮೆಯನ್ನು ಆಳುವವರು ಯಾರೂ ಇರುವುದಿಲ್ಲ. ಇದು 24 ವೋಲ್ಟಿನ ವ್ಯವಸ್ಥೆಗೆ ಮಾತ್ರ. ಕ್ಯುಬೆಕ್‌ನಂಥ ಕಡೆಗಳಲ್ಲಿ ಗೋಡೆಯಡಿಯ ವಿದ್ಯುತ್ ಹೀಟರುಗಳಿಗೆ 240 ವೋಲ್ಟ್ ನೇರವಾಗಿ ಥರ್ಮೋಸ್ಟಾಟಿನ ಮೂಲಕವೇ ಹಾಯುತ್ತದೆ. ಅದನ್ನು ಮುಟ್ಟುವುದು ಪ್ರಾಣಾಪಾಯ. ಅನಿಲದ ವಾಸನೆ ಬಂದರೆ, ಅಥವಾ ಕಾರ್ಬನ್ ಮಾನಾಕ್ಸೈಡ್ ಸೂಚಕ ಕೂಗಿದರೆ ಯಾವ ಪರೀಕ್ಷೆಯೂ ಬೇಡ. ಮನೆಯಿಂದ ಹೊರಬಂದು ನೆರವಿಗೆ ಕರೆಯುವುದೊಂದೇ ಕರ್ತವ್ಯ.

ಡ್ರೆಬೆಲ್‌ನ ಒಲೆಯಲ್ಲಿ ಬೆಂಕಿ, ದ್ರವ, ಕಿಂಡಿ ಮೂರೂ ಒಂದೇ ಕಡೆ ಕಣ್ಣೆದುರಿಗಿದ್ದವು. ಜಾನ್ಸನ್, ಬುಟ್ಸ್ ಅವರ ಕಾಲದಲ್ಲಿ ನಡುವೆ ಒಂದು ಮಹಡಿಯ ಅಂತರ ಬಂತು. ಇಂದು ಆಜ್ಞೆ ಗೋಡೆಯಿಂದ ಹೊರಟು, ಬೇರಾವುದೋ ಊರಿನ ಗಣಕವನ್ನು ಸುತ್ತಿ, ಫೋನಿಗೆ ಬಂದು, ಮತ್ತೆ ಮನೆಗೆ ಮರಳುತ್ತದೆ. ಅನುಕೂಲ ಹೆಚ್ಚಿದಷ್ಟೂ ಕೊಂಡಿಗಳು ಹೆಚ್ಚಿವೆ. ಯಾವ ಕೊಂಡಿ ಕಳಚಿದರೂ ಚಳಿಯಾಗುವುದು ಮನೆಯಲ್ಲಿರುವವರಿಗೇ. ಆದ್ದರಿಂದ ಪರದೇಶದ ಮಕ್ಕಳಿಗೆ ನಾವು ಹೇಳುವ ಮಾತು ಇಷ್ಟೇ: ಬುದ್ಧಿವಂತ ಯಂತ್ರವನ್ನು ಧಾರಾಳವಾಗಿ ಕೊಳ್ಳಿರಿ, ಆದರೆ ಫೋನಿಲ್ಲದೆ ಕೈಯಿಂದಲೇ ಶಾಖ ಏರಿಸುವ ಬಗೆಯನ್ನೂ, ಕುಲುಮೆಯ ಸ್ವಿಚ್ ಎಲ್ಲಿದೆ ಎಂಬುದನ್ನೂ, ರಿಪೇರಿಯವರ ದೂರವಾಣಿ ಸಂಖ್ಯೆಯನ್ನೂ ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ, ಸಾಧ್ಯವಾದರೆ ಕನ್ನಡದಲ್ಲೇ ಬರೆದು ಆ ಯಂತ್ರದ ಪಕ್ಕದಲ್ಲಿ ಅಂಟಿಸಿರಿ. ಆ ಕಾಗದಕ್ಕೆ ಬ್ಯಾಟರಿ ಬೇಡ.